ನೆಲ ಬಿಟ್ಟವರ ಶಿಬಿರ

ನಗರಸಭೆಯಲ್ಲಿ ನನ್ನ ಹುದ್ದೆಗೆ ಇಳಿಸುವವಳು ಎಂದು ಹೆಸರು. ನನಗಿಂತ ಮೊದಲು ನನ್ನ ತಾಯಿ ಈ ಕೆಲಸ ಮಾಡುತ್ತಿದ್ದಳು. ನಮ್ಮೂರಲ್ಲಿ ಯಾರನ್ನಾದರೂ ಇಲ್ಲದ ಗುಣಕ್ಕೆ ಹೊಗಳಿದರೆ ಅವರ ಪಾದ ನೆಲ ಬಿಡುತ್ತದೆ. ಸ್ವಲ್ಪ ಹೊಗಳಿದರೆ ಚಪ್ಪಲಿ ಮಾತ್ರ ಕೆಳಗೆ ಉಳಿಯುತ್ತದೆ, ಜೋರಾಗಿ ಹೊಗಳಿದರೆ ತಲೆ ಸೂರಿಗೆ ತಾಗುತ್ತದೆ. ಆಗ ಮನೆಯವರು ನನಗೆ ಹೇಳಿಕಳಿಸುತ್ತಾರೆ. ನಾನು ಹೋಗಿ, ಸೆರಗು ಸಿಕ್ಕಿಸಿಕೊಂಡು, ತಲೆಯೆತ್ತಿ, ಅವರು ನಿಜವಾಗಿ ಮಾಡಿದ ಒಂದು ತಪ್ಪು ಹಿಡಿದು ಎರಡು ಮಾತು ಬೈಯುತ್ತೇನೆ. ಅವರು ಇಳಿಯುತ್ತಾರೆ. ಕಾಫಿ ಕೊಟ್ಟರೆ ಕುಡಿದು ಬರುತ್ತೇನೆ.

ಬೈಯುವುದಕ್ಕೆ ಏನು ಮಹಾ, ಅಂದುಕೊಳ್ಳಬೇಡಿ. ಸುಳ್ಳು ಬೈಗುಳಕ್ಕೆ ತೂಕವಿಲ್ಲ. ಊರೆಲ್ಲ ಸೇರಿ ಬೈದರೂ ಮನುಷ್ಯ ಒಂದು ಗೇಣು ಇಳಿಯುವುದಿಲ್ಲ. ಮಾತು ನಿಜವಾಗಿದ್ದು ಸಿಟ್ಟಿನಿಂದ ಬಂದರೆ ದೊಪ್ಪನೆ ಬಿದ್ದು ಸೊಂಟ ಮುರಿದುಕೊಳ್ಳುತ್ತಾನೆ. ನಿಜವೂ ಇರಬೇಕು, ಅಕ್ಕರೆಯೂ ಇರಬೇಕು. ಆಗ ಮಂಚದಿಂದ ಎದ್ದವನ ಹಾಗೆ ಮೆಲ್ಲಗೆ ಕಾಲೂರುತ್ತಾನೆ.

ಊರು ಇದಕ್ಕೆ ಹೊಂದಿಕೊಂಡಿದೆ. ಸನ್ಮಾನ ನಡೆಯುವ ಸಭಾಂಗಣದ ಚಾವಣಿಗೆ ಒಳಗಿನಿಂದ ಹತ್ತಿಯ ಹಾಸಿಗೆ ಹೊಲಿದಿದ್ದಾರೆ. ಕ್ಷೌರದಂಗಡಿಯ ಕುರ್ಚಿಗೆ ಸೊಂಟದ ಪಟ್ಟಿಯಿದೆ, ಯಾಕೆಂದರೆ ಕೊನೆಯಲ್ಲಿ ಕನ್ನಡಿ ಹಿಡಿದಾಗ ಕ್ಷೌರಿಕ ಏನಾದರೂ ಹೇಳಲೇಬೇಕು. ಹೆಣ್ಣು ನೋಡಲು ಹೋಗುವವರು ಹೂವು ಹಣ್ಣಿನ ಜೊತೆ ಒಂದು ಹಗ್ಗವನ್ನೂ ಒಯ್ಯುತ್ತಾರೆ. ಪ್ರೀತಿ ಮಾಡುವ ಹುಡುಗ ಹುಡುಗಿಯರು ಕೆರೆಯ ಏರಿ ಮೇಲೆ ಕೂರುವುದಿಲ್ಲ. ಬಸ್ ನಿಲ್ದಾಣದ ತಗಡಿನ ಕೆಳಗೆ ಕೂತು ಮಾತಾಡುತ್ತಾರೆ. ಬಯಲಲ್ಲಿ ಹೊಗಳಬಾರದು ಎನ್ನುವುದು ನಮ್ಮಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಹಿಂದೆ ಒಬ್ಬ ಸಂಗೀತ ವಿದ್ವಾಂಸರನ್ನು ಶಿಷ್ಯರು ಮೈದಾನದಲ್ಲಿ ನಿಲ್ಲಿಸಿ ಹೊಗಳಿದರು. ಅವರು ಪೂರ್ವದ ಕಡೆ ಹೋದದ್ದನ್ನು ನೋಡಿದವರು ಇನ್ನೂ ಇದ್ದಾರೆ. ಶಾಲು ಮಾತ್ರ ಸಿಕ್ಕಿತು.

ಹೀಗಿರುವಾಗ ದಯಾನಿಧಿ ಸೇವಾ ಮಂಡಳಿಯ ಅಧ್ಯಕ್ಷೆ ವಿಮಲಾಂಬ ಮೇಡಂ ಯಾವುದೋ ದೂರದ ಊರಿಗೆ ಹೋಗಿ ಬಂದರು. ಅಲ್ಲಿ ಅಂಗವಿಕಲ ಹುಡುಗ ಹುಡುಗಿಯರನ್ನು ಕಾಡಿಗೆ ಕರೆದೊಯ್ದು ಡೇರೆಯಲ್ಲಿ ಇರಿಸುತ್ತಾರಂತೆ, ಅದರಿಂದ ಅವರ ಆತ್ಮವಿಶ್ವಾಸ ಏರುತ್ತದಂತೆ. ಏರುತ್ತದೆ ಎಂದ ಮೇಲೆ ಅಳೆಯಬೇಕಲ್ಲ? ಮೇಡಂ ಒಂದು ಉದ್ದನೆಯ ಬಿದಿರು ಗಳು ತರಿಸಿ, ಅದಕ್ಕೆ ಕೆಂಪು, ಹಳದಿ, ಹಸಿರು ಪಟ್ಟೆ ಬಳಿಸಿದರು. ಪಾದ ಕೆಂಪು ಪಟ್ಟೆಗೆ ಬಂದರೆ ಆತ್ಮವಿಶ್ವಾಸ ಸಾಧಾರಣ, ಹಸಿರಿಗೆ ಬಂದರೆ ಉತ್ತಮ. ನೆಲದಲ್ಲಿದ್ದರೆ ಸೊನ್ನೆ.

ನನ್ನನ್ನೂ ಕರೆದರು. ಮಕ್ಕಳಿಗಾಗಿ ಅಲ್ಲ, ಪದಾಧಿಕಾರಿಗಳಿಗಾಗಿ. ಅವರು ಒಬ್ಬರನ್ನೊಬ್ಬರು ಹೊಗಳದೆ ಒಂದು ಲೋಟ ನೀರನ್ನೂ ಕುಡಿಯುವವರಲ್ಲ. ಬಯಲಲ್ಲಿ ಯಾರಾದರೂ ತೇಲಿಹೋದರೆ ಮಂಡಳಿಗೆ ಕೆಟ್ಟ ಹೆಸರು.

"ಚೆನ್ನಾಜಮ್ಮಾ, ಒಂದು ಮಾತು," ಎಂದರು ಮೇಡಂ. "ಮಕ್ಕಳ ತಂಟೆಗೆ ಹೋಗಬೇಡಿ. ಇವರೆಲ್ಲ ದೇವರ ಮಕ್ಕಳು. ಒಂದು ಬಿರುಸು ಮಾತು ಕಿವಿಗೆ ಬೀಳಬಾರದು."

ಮಕ್ಕಳು ಎಂದರೆ ಎಳೆಯವರೇನಲ್ಲ. ಅವರಲ್ಲಿ ತೀರಾ ಚಿಕ್ಕವನಿಗೂ ಮೀಸೆ ಬಂದಿತ್ತು.

ಬಂಡೆಗುಡ್ಡದ ಬುಡದಲ್ಲಿ, ಹಳ್ಳದ ಪಕ್ಕ, ಒಂದು ಬಯಲಲ್ಲಿ ಶಿಬಿರ ಹೂಡಿದರು. ಸ್ವಯಂಸೇವಕರು ಬಿಳಿ ಅಂಗಿ ತೊಟ್ಟು ಡೇರೆ ಕಟ್ಟಿದರು, ಗೂಟ ಬಡಿದರು, ಒಲೆ ಹೂಡಿದರು. ಆಮೇಲೆ ಮಕ್ಕಳನ್ನು ವ್ಯಾನಿನಿಂದ ಎತ್ತಿ ಇಳಿಸಿ, "ವ್ಯಾನಿನಲ್ಲಿ ಎಷ್ಟು ಚೆನ್ನಾಗಿ ಕೂತು ಬಂದೆ! ಎಂಥ ಧೀರ!" ಎಂದು ಹೊಗಳಿದರು. ಒಬ್ಬೊಬ್ಬರಾಗಿ ಮೇಲೆದ್ದರು. ಗಾಳಿಗೆ ಹೋಗದ ಹಾಗೆ ಒಬ್ಬೊಬ್ಬರ ಸೊಂಟಕ್ಕೂ ಹಗ್ಗ ಬಿಗಿದು ಗೂಟಕ್ಕೆ ಕಟ್ಟಿದರು. ದೂರದಿಂದ ನೋಡಿದರೆ ಯಾವುದು ಡೇರೆ, ಯಾವುದು ಮಕ್ಕಳು ಎಂದು ತಿಳಿಯುತ್ತಿರಲಿಲ್ಲ. ಮುಟ್ಟಿ ನೋಡಲೆಂದು ಎಲೆ, ಕಾಯಿ, ಹಕ್ಕಿಗರಿಗಳನ್ನು ಕೋಲಿಗೆ ಕಟ್ಟಿ ಮೇಲೆ ಚಾಚುತ್ತಿದ್ದರು. ಅದಕ್ಕೆ ಪ್ರಕೃತಿಯ ಒಡನಾಟ ಎಂದು ಹೆಸರು. ಹಳ್ಳದ ಅನುಭವಕ್ಕೆ ಒಂದು ಬಕೆಟ್ ನೀರು ಹಗ್ಗದಲ್ಲಿ ಏರುತ್ತಿತ್ತು.

ಗುರುಪಾದ ಎಂಬ ಹುಡುಗನಿಗೆ ಕಣ್ಣು ಕಾಣುತ್ತಿರಲಿಲ್ಲ. ಕಣ್ಣು ಕಾಣದವನು ಹಾಡಲೇಬೇಕು ಎಂದು ಯಾರೋ ಸಣ್ಣವನಿದ್ದಾಗಲೇ ತೀರ್ಮಾನಿಸಿದ್ದರು. ಅವನು ಬಾಯಿ ತೆರೆದರೆ ಸಾಕು, ಚಪ್ಪಾಳೆ. ಮೊದಲ ದಿನವೇ ಅವನು ನನ್ನ ಹೆಜ್ಜೆ ಸದ್ದು ಗುರುತು ಹಿಡಿದು ಮೇಲಿನಿಂದ ಕರೆದ.

"ಚೆನ್ನಾಜಕ್ಕಾ, ನನ್ನ ಹಾಡು ಹೇಗಿತ್ತು? ನಿಜ ಹೇಳಿ."

"ಮೇಡಂ ನಿಮಗೆಲ್ಲ ಬೈಯಬೇಡ ಅಂದಿದಾರಪ್ಪ."

"ಹಾಗಾದ್ರೆ ಕೆಟ್ಟದಾಗಿತ್ತು," ಎಂದ. ಎಂದವನೇ ಒಂದು ಮೊಳ ಕೆಳಗೆ ಬಂದ. ಮುಖದಲ್ಲಿ ಎಂಥ ನೆಮ್ಮದಿ ಅಂತೀರಿ! ವರ್ಷಗಟ್ಟಲೆ ಅನುಮಾನವಿದ್ದ ಮಾತು ಖಾತ್ರಿಯಾದ ನೆಮ್ಮದಿ.

ಮುಬೀನಾಗೆ ಕಿವಿ ಕೇಳುತ್ತಿರಲಿಲ್ಲ. ಅವಳಿಗಾಗಿ ಹೊಗಳಿಕೆಯನ್ನು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ ಎತ್ತಿ ಹಿಡಿಯುತ್ತಿದ್ದರು. ಹಲಗೆ ಎದ್ದೊಡನೆ ಅವಳು ಗುಡ್ಡದ ಕಡೆ ತಿರುಗಿ ಕೋತಿ ಎಣಿಸುತ್ತಿದ್ದಳು. ಹಾಗಾಗಿ ಇಡೀ ಶಿಬಿರದಲ್ಲಿ ಅವಳ ಪಾದವೇ ನೆಲಕ್ಕೆ ಹತ್ತಿರ. ಮೇಡಂ ಬಿದಿರು ಗಳು ಹಿಡಿದು ನೋಡಿ ಲೊಚಗುಟ್ಟಿದರು: "ಈ ಹುಡುಗಿಗೆ ಆತ್ಮವಿಶ್ವಾಸವೇ ಇಲ್ಲ ನೋಡಿ, ಪಾಪ!"

ಎಲ್ಲರಿಗಿಂತ ಎತ್ತರದಲ್ಲಿ ಇದ್ದವಳು ಶಶಿರೇಖಾ. ಹಸಿರು ಪಟ್ಟೆ ದಾಟಿ ಒಂದು ಆಳು ಮೇಲೆ. ಎಳವೆಯಲ್ಲೇ ಬಲಗಾಲು ಸೊರಗಿತ್ತು. ಊರುಗೋಲು ಇತ್ತು, ಆದರೆ ಅದರ ತುದಿಯ ರಬ್ಬರು ಹೊಸದರ ಹಾಗೇ ಇತ್ತು. ಮನೆಯಲ್ಲಿ ಅವಳೇ ನೀರು ಕುಡಿದರೆ "ನೋಡಿ ನನ್ನ ಮಗಳು!" ಎನ್ನುತ್ತಿದ್ದಳು ತಾಯಿ ಸುಂದ್ರಮ್ಮ, ನೆರೆಯವರು "ಎಂಥ ಜಾಣೆ!" ಎನ್ನುತ್ತಿದ್ದರು. ಬೆಳಗಾಗುತ್ತಲೇ ಮೇಲೆದ್ದು, ಕಿಟಕಿಯ ಸರಳಿಗೆ ಕಟ್ಟಿಸಿಕೊಂಡು ಬೆಳೆದ ಹುಡುಗಿ. ನಾನು ಕಂಡಂತೆ ಅವಳಿಗೆ ಬಾಯಿ ಸ್ವಲ್ಪ ಜಾಸ್ತಿ, ಮೈ ಸ್ವಲ್ಪ ಸೋಮಾರಿ. ಅದನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

ಆ ವರ್ಷದ ಸ್ಫೂರ್ತಿಯಾಗಿ ಮಂಡಳಿ ಅವಳನ್ನೇ ಆರಿಸಿತ್ತು. ಸ್ಫೂರ್ತಿ ಎಂದರೆ ಮಂಡಳಿಯ ಮುಂದಿನ ಹಜಾರದಲ್ಲಿ, ಚಾವಣಿಯ ಕೊಕ್ಕೆಗೆ ರೇಷ್ಮೆ ಹುರಿಯಿಂದ ಕಟ್ಟಿರುವ ಒಬ್ಬ ಅಂಗವಿಕಲ ಹುಡುಗ ಅಥವಾ ಹುಡುಗಿ. ಬಂದವರು ಕತ್ತೆತ್ತಿ ನೋಡುತ್ತಾರೆ, ಹೊಗಳುತ್ತಾರೆ, ಕಣ್ಣೊರೆಸಿಕೊಂಡು ಹೋಗುತ್ತಾರೆ. ಊಟ ಉದ್ದ ಹಿಡಿಯ ಸೌಟಿನಲ್ಲಿ. ಮುಂದಿನ ಸ್ಫೂರ್ತಿ ಸಿಗುವ ತನಕ ಅಲ್ಲೇ. ಇಳಿದವರಿಗೆ ನಡೆಯುವುದು ಮರೆತಿರುತ್ತದೆ, ಹೊಗಳಿಕೆಯಿಲ್ಲದೆ ಊಟ ಸೇರುವುದಿಲ್ಲ. ಶಿಬಿರದ ಕೊನೆಯ ದಿನ ಸಾಹುಕಾರ್ ಪಂಪಾಪತಿಗಳು ಮುಖ್ಯ ಅತಿಥಿಯಾಗಿ ಬಂದು ಅವಳನ್ನು ಹೊಗಳಿ, ಅಲ್ಲಿಂದ ನೇರವಾಗಿ ಕೊಕ್ಕೆಗೆ ಒಯ್ಯುವುದೆಂದು ನಿಶ್ಚಯವಾಗಿತ್ತು. ಸುಂದ್ರಮ್ಮನಿಗೆ ಆಗಲೇ ಒಂದು ಸೀರೆ ಬಂದಿತ್ತು.

ಎರಡನೆಯ ದಿನ ಪದಾಧಿಕಾರಿಗಳು, ಸ್ವಯಂಸೇವಕರೆಲ್ಲ ದೊಡ್ಡ ಡೇರೆಯೊಳಗೆ ಪರಸ್ಪರ ಮೆಚ್ಚುಗೆಯ ಸಭೆ ಸೇರಿದರು. ನಾನು ಹಳ್ಳದ ದಂಡೆಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದೆ. ಮೇಲಿನಿಂದ ದನಿ ಬಂತು.

"ಚೆನ್ನಾಜಕ್ಕಾ, ನನಗೆ ಎರಡು ಬೈಯಿರಿ."

"ಏನಂತ ಬೈಲಿ? ನೀನೇನು ಮಾಡಿದೀಯ?"

ಶಶಿರೇಖಾ ಯೋಚಿಸಿದಳು. "ಏನೂ ಮಾಡಿಲ್ಲ."

"ಅದೇ ಕಷ್ಟ ನೋಡು. ಮಾಡದವರನ್ನ ಬೈದರೆ ಅದು ಸುಳ್ಳು ಬೈಗುಳ. ತೂಕ ಇರಲ್ಲ."

"ಆ ಕೊಕ್ಕೆಗೆ ನಾನು ಹೋಗಲ್ಲ ಅಕ್ಕ. ಸಾಹುಕಾರ್ರು ಹೊಗಳುವಾಗ ನಾನು ನೆಲದ ಮೇಲೇ ನಿಂತ್ಕೊಂಡ್ರೆ ನನ್ನ ಬಿಟ್ಟುಬಿಡ್ತಾರೆ ತಾನೆ?"

"ಬಿಡ್ತಾರೆ. ನೆಲದ ಮೇಲಿರೋರು ಮಂಡಳಿಗೆ ಯಾಕೆ ಬೇಕು? ಬಿಟ್ಟ ಮೇಲೆ ಏನು ಮಾಡ್ತೀಯ?"

"ಗೊತ್ತಿಲ್ಲ," ಎಂದಳು. ಹಗ್ಗ ಹಿಡಿದು ತಿರುಚುತ್ತಿದ್ದಳು. "ನಾನು ಯಾವುದಕ್ಕೆ ಲಾಯಕ್ಕು, ಯಾವುದಕ್ಕೆ ಅಲ್ಲ ಅಂತ ಇಲ್ಲೀವರೆಗೂ ಯಾರೂ ಹೇಳಿಲ್ಲ. ಎಲ್ಲದಕ್ಕೂ ಜಾಣೆ ಅಂತಾರೆ. ಎಲ್ಲದಕ್ಕೂ ಅಂದ್ರೆ ಯಾವುದಕ್ಕೂ ಅಲ್ಲ ಅಂತ ತಾನೆ?"

ನಾನು ಎಲೆಯಡಿಕೆ ಉಗಿದು ಎದ್ದೆ. ಬೈಯಬೇಡ ಎಂದಿದ್ದರು ಮೇಡಂ, ಕೆಲಸ ಹೇಳಬೇಡ ಎಂದಿರಲಿಲ್ಲ. ಬಾವಿಯ ಹಗ್ಗದ ಹಾಗೆ ಅವಳನ್ನು ಎಳೆದು ಎಳೆದು ಹತ್ತಿರಕ್ಕೆ ತಂದು, ಹಗ್ಗವನ್ನು ಬಂಡೆಗೆ ಸುತ್ತಿ, ಕೈಗೆ ಅಕ್ಕಿಯ ಪಾತ್ರೆ ಕೊಟ್ಟೆ. "ತೊಳಿ," ಎಂದೆ.

ಹುಡುಗಿ ಬಗ್ಗಿ ಹಳ್ಳದಲ್ಲಿ ಪಾತ್ರೆ ಮುಳುಗಿಸಿದಳು. ಮೇಲೊಂದು ಹಕ್ಕಿ ಹಾರಿತು. ಅದನ್ನು ನೋಡುತ್ತ ಮೈಮರೆತಳು. ಅಷ್ಟರಲ್ಲಿ ಅರ್ಧ ಅಕ್ಕಿ ನೀರಿನಲ್ಲಿ ಹೊರಟಿತ್ತು.

"ಏ ಹುಡುಗಿ! ಅನ್ನ ನಮಗಾ, ಮೀನಿಗಾ? ಕೈ ಒಂದು ಕಡೆ ಕಣ್ಣು ಒಂದು ಕಡೆ! ಇಷ್ಟು ಜನ ಏನು ಹಕ್ಕಿ ತಿಂತಾರಾ?"

ಮೇಡಂ ಮಾತು ನೆನಪಿಗೆ ಬರುವಷ್ಟರಲ್ಲಿ ಬೈದಾಗಿತ್ತು. ಅಕ್ಕಿ ಹೋಗುವುದನ್ನು ನೋಡಿ ಯಾವ ಹೆಂಗಸು ಸುಮ್ಮನಿರುತ್ತಾಳೆ? ಶಶಿರೇಖಾ ಮೆಲ್ಲಗೆ ಇಳಿದಳು. ಮೊದಲು ಕೋಲು, ಆಮೇಲೆ ಎಡಗಾಲು, ಆಮೇಲೆ ಆ ಸೊರಗಿದ ಕಾಲು ಒದ್ದೆ ಮರಳಿನಲ್ಲಿ ಊರಿತು. ಅವಳು ಅಕ್ಕಿಯನ್ನೂ ಮರೆತು ಪಾದವನ್ನೇ ನೋಡಿದಳು.

"ತಣ್ಣಗಿದೆ ಅಕ್ಕ," ಎಂದಳು.

"ತಣ್ಣಗಿರದೆ? ನೀರು. ಉಳಿದ ಅಕ್ಕಿನಾದ್ರೂ ಹಿಡಿ."

ಸುದ್ದಿ ಹಗ್ಗದಿಂದ ಹಗ್ಗಕ್ಕೆ ಹೋಯಿತು. ಪದಾಧಿಕಾರಿಗಳು ಸಭೆಯಲ್ಲಿ ಡೇರೆಯ ಬಟ್ಟೆಗೆ ಅಂಟಿಕೊಂಡು ತೇಲುತ್ತಿದ್ದಾಗ, ಹೊರಗೆ ಮಕ್ಕಳು ನನ್ನಿಂದ ಕೆಲಸ ಕೇಳಿ ಪಡೆದು, ಕೆಡಿಸಿ, ಬೈಸಿಕೊಂಡು ಇಳಿಯುತ್ತಿದ್ದರು. ಇಳಿದವರು ತಾವೇ ಒಂದು ಡೇರೆ ಕಟ್ಟಿದರು. ಅದು ಬಿತ್ತು. ಮತ್ತೆ ಕಟ್ಟಿದರು. ಗುರುಪಾದ ಗೂಟ ಹೊಡೆಯುವ ಬದಲು ನನ್ನ ಎಲೆಯಡಿಕೆ ಡಬ್ಬಿಗೆ ಹೊಡೆದ. "ಅದೇನು ಸಂಗೀತ ಕಛೇರಿನಾ, ಸಿಕ್ಕಿದ್ದನ್ನೆಲ್ಲ ತಟ್ಟೋಕೆ? ತಡವಿ ನೋಡಿ ಹೊಡಿ!" ಎಂದಳು ಶಶಿರೇಖಾ. ನಾನು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ; ಅವರೇ ಒಬ್ಬರಿಗೊಬ್ಬರು ಸಾಕಾಗಿದ್ದರು. ಮುಬೀನಾ ಹಾಕಿದ ಗಂಟು ಮಾತ್ರ ಗಟ್ಟಿಯಾಗಿತ್ತು. ನಾನು ಎಳೆದು ನೋಡಿ ಅವಳ ಮುಖ ನೋಡಿ ತಲೆದೂಗಿದೆ. ಈ ಸಲ ಅವಳು ಗುಡ್ಡದ ಕಡೆ ತಿರುಗಲಿಲ್ಲ. ಪಾದವೂ ಅಲುಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೊಗಳಿದರೆ ಯಾರೂ ನೆಲ ಬಿಡುವುದಿಲ್ಲ. ನಮ್ಮೂರಲ್ಲಿ ಇದನ್ನು ಯಾರೂ ಪ್ರಯೋಗ ಮಾಡಿ ನೋಡಿದ್ದಿಲ್ಲ, ಅಷ್ಟೆ.

ಮೂರನೆಯ ಸಲ ಕಟ್ಟಿದ ಡೇರೆ ಒಂದು ಕಡೆ ವಾಲಿಕೊಂಡು ನಿಂತಿತು. ಅದರೊಳಗೆ ಎಲ್ಲರೂ ತುರುಕಿಕೊಂಡು ಕೂತು, ಅರೆಬೆಂದ ಅನ್ನ ತಿನ್ನುತ್ತ, ನೀನು ಮಾಡಿದ್ದು, ನೀನು ಕೆಡಿಸಿದ್ದು ಎಂದು ಕಿತ್ತಾಡುತ್ತಿರುವಾಗ ಮೇಡಂ ಬಿದಿರು ಗಳು ಹಿಡಿದು ಬಂದರು.

"ಸೊನ್ನೆ!" ಎಂದು ಕೂಗಿದರು. "ಎಲ್ಲರದೂ ಸೊನ್ನೆ! ಚೆನ್ನಾಜಮ್ಮಾ, ಏನು ಮಾಡಿದಿರಿ ನೀವು? ಆ ಮಗುವಿನ ಕಾಲಿಗೆ ಮಣ್ಣು ಹತ್ತಿದೆ!"

"ಮಣ್ಣಿನ ಮೇಲೆ ನಿಂತ್ರೆ ಹತ್ತುತ್ತೆ ಮೇಡಂ."

"ನೀವು ಇನ್ನು ಬಾಯಿ ತೆರೆಯಕೂಡದು. ತೆರೆದರೆ ನಗರಸಭೆಗೆ ಬರೆಯುತ್ತೇನೆ."

ಅಂದು ಸಂಜೆಯಿಂದಲೇ ಮಂಡಳಿಯವರು ಸರದಿಯ ಮೇಲೆ ಹೊಗಳಿ, ಎಲ್ಲರನ್ನೂ ಮತ್ತೆ ಗಳುವಿನ ಮಟ್ಟಕ್ಕೆ ತಂದರು. ಮೇಡಂ ಸ್ವತಃ ಶಶಿರೇಖಾಳ ಪಕ್ಕ ಕೂತು ಅವಳ ಉಸಿರಾಟವನ್ನೂ ಮೆಚ್ಚಿದರು.

ಶಶಿರೇಖಾ ಒಂದೇ ಒಂದು ಕೇಳಿಕೊಂಡಳು. ಕೊನೆಯ ದಿನ ಅತಿಥಿಗಳಿಗೆ ಹುಳಿ ತಾನೇ ಮಾಡಬೇಕು. ಅಂಗವಿಕಲ ಹುಡುಗಿ ಒಲೆಯ ಮುಂದೆ. ಫೋಟೋ ಚೆನ್ನಾಗಿ ಬರುತ್ತದೆಂದು ಮೇಡಂ ಒಪ್ಪಿದರು. ಒಲೆಯ ಪಕ್ಕದ ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟಿಸಿಕೊಂಡು ಅವಳು ಬೆಳಗಿನಿಂದ ಹುಳಿ ಮಾಡಿದಳು. ಬೇಳೆ ತಳ ಹಿಡಿಯಿತು. ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಿದಳು. ಅವಳಿಗೇ ತಿಳಿದು, ತನ್ನನ್ನು ತಾನೇ ಬೈದುಕೊಂಡಳು. ಸಮಾರಂಭದ ಹೊತ್ತಿಗೆ ವೇದಿಕೆಯ ಪಕ್ಕದ ಗೂಟಕ್ಕೆ ಕಟ್ಟುವಾಗ ಅವಳ ಕೋಲು ನೆಲ ಮುಟ್ಟುತ್ತಿತ್ತು.

ಫೋಟೋದಲ್ಲಿ ಗುಡ್ಡ ಕಾಣಬೇಕೆಂದು ವೇದಿಕೆಗೆ ಚಪ್ಪರ ಹಾಕಿರಲಿಲ್ಲ. ಮಕ್ಕಳ ಮನೆಯವರು ಬಂದಿದ್ದರು. ಮುಂದಿನ ಸಾಲಿನಲ್ಲಿ ಸುಂದ್ರಮ್ಮ ಹೊಸ ಸೀರೆಯಲ್ಲಿ, ತೊಡೆಯ ಮೇಲೆ ದೊಡ್ಡ ಚೀಲ ಇಟ್ಟುಕೊಂಡು ಕೂತಿದ್ದಳು. ಮೊದಲು ಊಟ. ಸಾಹುಕಾರ್ ಪಂಪಾಪತಿಗಳು ದೊನ್ನೆಯಲ್ಲಿ ಹುಳಿ ಹಿಡಿದು ಫೋಟೋ ತೆಗೆಸಿಕೊಂಡರು, ತುಟಿಗೆ ಸೋಕಿಸಿದರು, ಮುಖ ಕಿವುಚಿದರು. ಆಮೇಲೆ ಕೈ ತೊಳೆಯುವವರ ಹಾಗೆ ಡೇರೆಯ ಹಿಂದೆ ಹೋಗಿ ಬಂದರು. ದೊನ್ನೆ ಖಾಲಿಯಾಗಿತ್ತು.

ಮೇಡಂ ಸಾಹುಕಾರರ ದಾನಗುಣವನ್ನು ವರ್ಣಿಸಿದರು. ವರ್ಣನೆ ಮುಗಿಯುವಾಗ ಸಾಹುಕಾರರು ಮೈಕಿಗಿಂತ ಮೇಲಿದ್ದರು. ಅವರ ಗುಮಾಸ್ತ ಅಭ್ಯಾಸವಿದ್ದವನ ಹಾಗೆ ಹಗ್ಗ ಹಿಡಿದು, ಮೈಕನ್ನು ಎತ್ತಿ ಕೊಟ್ಟ.

"ಈ ತಾಯಿ ಶಶಿ... ಶಶಿಕಲಾ," ಎಂದು ಶುರುಮಾಡಿದರು. "ಈಕೆ ತನ್ನ ಕೈಯಾರೆ ಮಾಡಿದ ಹುಳಿಯನ್ನು ನಾನು ಈಗಷ್ಟೇ ಹೊಟ್ಟೆತುಂಬ ಉಂಡೆ. ಅಮೃತ! ನಮ್ಮ ಮನೆಯಲ್ಲಿ ಇಂಥ ಹುಳಿ ಉಂಡಿಲ್ಲ!"

ಜನ ಚಪ್ಪಾಳೆ ತಟ್ಟಿದರು. ಶಶಿರೇಖಾಳ ಕೋಲಿನ ತುದಿ ನೆಲದ ಮೇಲೆ ಒಂದು ಗೆರೆ ಎಳೆದು ಗಾಳಿಗೆದ್ದಿತು. ಮೇಡಂ ನನ್ನ ಕಡೆ ಕೆಂಗಣ್ಣು ಬಿಟ್ಟು ನೋಡುತ್ತಿದ್ದರು. ನಾನು ತುಟಿ ಕಚ್ಚಿಕೊಂಡೆ.

"ಗುರುಪಾದಾ!" ಶಶಿರೇಖಾ ಮೇಲಿನಿಂದ ಕೂಗಿದಳು. "ಹುಳಿ ಹೇಗಿತ್ತೋ?"

"ತಳ ಹಿಡಿದಿತ್ತು! ಉಪ್ಪು ಬಾಯಿಗಿಡೋ ಹಾಗಿರಲಿಲ್ಲ! ಪುಣ್ಯಾತ್ಗಿತ್ತಿ, ಇಡೀ ಹಳ್ಳದ ನೀರು ಕುಡಿದೆ!"

ಜನಕ್ಕೆ ಗಾಬರಿ. ಅವನ ಪಕ್ಕದಲ್ಲಿ ಮುಬೀನಾ ಏನು ನಡೆದಿದೆ ಎಂದು ಗ್ರಹಿಸಿ, ನಾಲಗೆ ಹೊರಚಾಚಿ, ಹೊಟ್ಟೆ ಹಿಡಿದುಕೊಂಡು ತೋರಿಸಿದಳು. ಶಶಿರೇಖಾ ಸರ್ರನೆ ಇಳಿದು ಕೋಲೂರಿದಳು.

ಸಾಹುಕಾರರು ಬಿಡುವವರಲ್ಲ. "ನೋಡಿ ಆಕೆಯ ವಿನಯ! ಕಾಲಿಲ್ಲದಿದ್ದರೂ ಹಿಮಾಲಯ ಏರುವ ಛಲ! ಈಕೆ ಹುಡುಗಿಯಲ್ಲ, ದೇವತೆ!"

ದೇವತೆ ಎಂದ ಮೇಲೆ ಯಾರ ಕೈಲಿ ನಿಲ್ಲಲಾಗುತ್ತದೆ? ಪಾದ ಮತ್ತೆ ನೆಲ ಬಿಡುತ್ತಿತ್ತು. ಅವಳು ಕೋಲನ್ನು ಅವರ ಕಡೆ ಚಾಚಿದಳು.

"ಸಾಹುಕಾರ್ರೇ, ನನ್ನ ಹೆಸರು ಶಶಿರೇಖಾ. ಕಾಲು ಇದೆ, ಸಣ್ಣಗಿದೆ. ಹಿಮಾಲಯ ನನಗೆ ಬೇಡ. ನಾನು ಮಾಡಿದ ಹುಳಿ ಕೆಟ್ಟಿತ್ತು. ನೀವು ಡೇರೆ ಹಿಂದೆ ಚೆಲ್ಲಿದ್ದನ್ನ ನೋಡಿದೆ. ಚೆಲ್ಲಿದ್ದು ತಪ್ಪಲ್ಲ, ನಾನಾಗಿದ್ರೂ ಚೆಲ್ತಿದ್ದೆ. ಚೆಲ್ಲಿ ಬಂದು ಅಮೃತ ಅಂದ್ರಲ್ಲ, ನಾಚಿಕೆ ಆಗಲ್ವಾ? ನಿಮ್ಮನೆ ಸೊಸೆ ಇಂಥ ಹುಳಿ ಮಾಡಿದ್ರೆ ಅಮೃತ ಅಂತಿದ್ರಾ?"

ಮಾತಿನಲ್ಲಿ ನಿಜವೂ ಇತ್ತು, ಸಿಟ್ಟೂ ಇತ್ತು. ಗುಮಾಸ್ತನ ಕೈಯಲ್ಲಿ ಹಗ್ಗ ಸಡಿಲಾಯಿತು, ಸಾಹುಕಾರರು ದೊಪ್ಪನೆ ವೇದಿಕೆಗೆ ಬಿದ್ದರು. ಹುಡುಗಿಯೂ ಅಷ್ಟೇ ಹೊತ್ತಿಗೆ ನೆಲಕ್ಕೆ ಬಂದು ನಿಂತಳು. ತನ್ನ ಮಾತಿನ ಭಾರಕ್ಕೇ ಇಳಿದಿರಬೇಕು. ಇಂಥದ್ದನ್ನು ನಾನೂ ಕಂಡಿರಲಿಲ್ಲ.

ಸಾಹುಕಾರರ ಕಾಲು ಉಳುಕಿತ್ತು. ಗುಮಾಸ್ತನ ಭುಜ ಹಿಡಿದು ಎದ್ದರು, ಕುಂಟುತ್ತ ಕುರ್ಚಿಯ ಕಡೆ ಎರಡು ಹೆಜ್ಜೆ ಹಾಕಿದರು. ಮೇಡಂಗೆ ತಡೆಯಲಾಗಲಿಲ್ಲ.

"ನೋಡಿ! ಇಂಥ ನೋವಿನಲ್ಲೂ ನಡೆಯುತ್ತಿದ್ದಾರೆ! ಎಂಥ ಧೀರರು!"

ಚಪ್ಪಾಳೆ ಗುಡ್ಡಕ್ಕೆ ಬಡಿದು ತಿರುಗಿ ಬಂತು. ಸಾಹುಕಾರರ ಮುಖ ಅರಳಿತು. ಅವರು ಎದ್ದರು, ಎದ್ದರು, ಹಸಿರು ಪಟ್ಟೆ ದಾಟಿದರು, ಗಳುವನ್ನೇ ದಾಟಿದರು. ಸ್ವಯಂಸೇವಕರು ನಾಲ್ಕು ಕಡೆಯಿಂದ ಹಗ್ಗ ಎಸೆದು ಹಿಡಿಯಬೇಕಾಯಿತು. ಇಂಥ ಎತ್ತರವನ್ನು ಮಂಡಳಿ ಕಂಡಿರಲಿಲ್ಲ. ಸ್ಫೂರ್ತಿ ಯಾರೆಂದು ಆಮೇಲೆ ಚರ್ಚೆಯೇ ಆಗಲಿಲ್ಲ. ಈಗ ಹಜಾರದಲ್ಲಿ ಅವರೇ ಇದ್ದಾರೆ. ಬೇಸರವೇನೂ ಇಲ್ಲವಂತೆ. ಉಳುಕು ವಾರದಲ್ಲೇ ವಾಸಿಯಾಗಿದೆ. ಅವರಿಗೆ ಯಾರೂ ಹೇಳಿಲ್ಲ.

ಆದರೆ ಆ ಹೊತ್ತಿನಲ್ಲಿ ನಾನು ನೋಡುತ್ತಿದ್ದದ್ದು ಸುಂದ್ರಮ್ಮನನ್ನು. ಎಲ್ಲರೂ ಮೇಲೆ ನೋಡುತ್ತಿದ್ದಾಗ ಅವಳು ಮಗಳನ್ನು ನೋಡುತ್ತಿದ್ದಳು. ಮುಖ ಕೆಂಪಾಗಿತ್ತು. ಎದ್ದು ದುಡುದುಡು ಬಂದಳು.

"ಏನೇ ನಿನ್ನ ಬಾಯಿ! ಅಷ್ಟು ಜನದ ಮುಂದೆ, ದೊಡ್ಡವರನ್ನ, ಸೊಸೆ ಗಿಸೆ ಅಂತೆಲ್ಲ! ಮಾನ ಕಳೆದೆಯಲ್ಲೇ! ಎಲ್ಲಿಂದ ಕಲಿತೆ ಇದನ್ನ? ಮನೆಯಲ್ಲಿ ಇಷ್ಟು ವರ್ಷ ತಲೆ ಮೇಲೆ ಹೊತ್ಕೊಂಡು ಮೆರೆಸಿದ್ದಕ್ಕಾ?"

ತಾಯಿಯ ಬಾಯಿಂದ ಶಶಿರೇಖಾಗೆ ಬಂದ ಮೊದಲನೆಯ ಬೈಗುಳ ಅದು. ಕೋಲಿನ ರಬ್ಬರು ಮಣ್ಣಿನಲ್ಲಿ ಅರ್ಧ ಹೂತುಹೋಗಿತ್ತು.

"ಅವರು ಸುಳ್ಳು ಹೇಳಿದ್ರಮ್ಮ."

"ಹೇಳಲಿ! ನಿನ್ನ ಹುಳಿ ಅಷ್ಟು ಕೆಟ್ಟದಾಗಿದ್ರೆ ಯಾಕೆ ಬಡಿಸಿದೆ? ಮನೆಗೆ ಬಾ, ಬೇಳೆ ಬೇಯಿಸೋದು ಹೇಗೆ ಅಂತ ತೋರಿಸ್ತೀನಿ. ಕೈಯಲ್ಲಿ ಏನೂ ಬರದೆ ಬಾಯಿ ಮಾತ್ರ ಬೆಳೆಸ್ಕೊಂಡಿದಾಳೆ!"

ಹುಡುಗಿ ನನ್ನ ಕಡೆ ನೋಡಿದಳು. ನಾನು, "ಸಿಟ್ಟಿನಲ್ಲಿ ಬೈದೆ, ಅದಕ್ಕೇ ಅವರ ಕಾಲು ಉಳುಕಿತು. ಆ ಸೊಸೆ ಮಾತು ಬೇಕಿರಲಿಲ್ಲ," ಎಂದೆ. ಅವಳಿಗೆ ಅದೂ ಹಿಡಿಸಲಿಲ್ಲ. ಹಿಡಿಸಬೇಕಾಗಿಯೂ ಇರಲಿಲ್ಲ.

ಸುಂದ್ರಮ್ಮ ಸಿಟ್ಟಿನ ಭರದಲ್ಲಿ ಆ ದೊಡ್ಡ ಚೀಲವನ್ನು ಮಗಳ ಕೈಗೆ ತುರುಕಿ, ಅವಳ ಸೊಂಟದ ಹಗ್ಗ ಬಿಚ್ಚಿ ಗೂಟದಲ್ಲೇ ಬಿಟ್ಟು, ಬಸ್ಸಿನ ದಾರಿ ಹಿಡಿದಳು. ತಿರುಗಿ ನೋಡಲಿಲ್ಲ. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಚೀಲ. ಶಶಿರೇಖಾ ಒಂದು ಹೆಜ್ಜೆ ಇಟ್ಟಳು, ವಾಲಿದಳು, ಕಲ್ಲಿಗೆ ಎಡವಿದಳು, ಚೀಲ ಈ ಕಡೆಯಿಂದ ಆ ಕಡೆಗೆ ಬದಲಾಯಿಸಿಕೊಂಡಳು. ಹೊಗಳುವವರೆಲ್ಲ ಅತ್ತ ಹಗ್ಗ ಎಳೆಯುವುದರಲ್ಲಿದ್ದರು. ದಾರಿಯಲ್ಲಿ ಯಾರೂ ಇರಲಿಲ್ಲ.

"ಅಮ್ಮಾ! ಇದರೊಳಗೆ ಏನು ಕಲ್ಲು ತುಂಬಿದೀಯ? ನಿಧಾನ ಹೋಗು!"

"ನಾನ್ಯಾಕೆ ನಿಧಾನ ಹೋಗಲಿ? ನೀನೇ ಬೇಗ ಬಾ!"